ರಾಯವ್ವ ಮೊದಲು ಕುಡಿದ ಗುಟುಕು

ಸವದತ್ತಿಯ ಹತ್ತಿರ ಮಲಪ್ರಭೆಗೆ ಅಣೆಕಟ್ಟು ಕಟ್ಟುತ್ತಿದ್ದ ಕಾಲದಲ್ಲಿ ಅಲ್ಲಿನ ಸರಕಾರಿ ಬಂಗಲೆಯಾದ ಐಬಿಯಲ್ಲಿ ಅಡುಗೆಗಿದ್ದವಳು ಮುರಗೋಡದ ರಾಯವ್ವ. ಗಂಡ ಸತ್ತಿದ್ದ. ಮಕ್ಕಳಿರಲಿಲ್ಲ. ಐಬಿಯ ಹಿಂದಿನ ಒಂದು ಕೋಣೆಯಲ್ಲಿ ಅತ್ತೆ ಕಾಡವ್ವನೂ ಅವಳೂ ಇದ್ದರು.

ಗಂಡ ಸತ್ಯಪ್ಪ ಕುಡುಕನೇನಲ್ಲ. ತೊರಗಲ್ಲಿನಲ್ಲಿ ಬೀಗರ ಮದುವೆಗೆ ಹೋದವನು ನಾಲ್ಕು ಮಂದಿಯ ಒತ್ತಾಯಕ್ಕೆ ಕಳ್ಳಭಟ್ಟಿ ಕುಡಿದ. ನಗುನಗುತ್ತಲೇ ಮನೆಗೆ ಬಂದು ಉಂಡು ಮಲಗಿದ. ಮರುದಿನ ಚೈತ್ರದ ಬಿಸಿಲು ಕಣ್ಣು ಕುಕ್ಕುತ್ತಿರುವಾಗ ಕಟ್ಟೆಯ ಮೇಲೆ ಕುಳಿತು, “ಅವ್ವಾ, ಇಷ್ಟ್ಯಾಕ ಮಂಜ ಬಿದ್ದೈತಿ?” ಎಂದು ತಾಯಿಯನ್ನು ಕೇಳಿದ. ಸಂಜೆಗೆ ಅವನಿಗೆ ಏನೂ ಕಾಣದಾಯಿತು. ಅದರ ಮರುದಿನ ಅವನೇ ಇರಲಿಲ್ಲ. ಅಂದಿನಿಂದ ಯಾರ ಬಾಯಿಂದಾದರೂ ಆ ವಾಸನೆ ಬಂದರೆ ರಾಯವ್ವ ಸೆರಗು ಮೂಗಿಗೆ ಒತ್ತಿ ದೂರ ಸರಿಯುತ್ತಿದ್ದಳು.

ಎಪ್ಪತ್ತೆರಡರ ಜನವರಿಯಲ್ಲಿ ಅಣೆಕಟ್ಟಿನ ಗೇಟು ನೋಡಲು ಪರದೇಶದ ತಜ್ಞನೊಬ್ಬ ಬರುವುದಿತ್ತು. ಹಿಂದಿನ ದಿನ ಮಧ್ಯಾಹ್ನ ಗುತ್ತಿಗೆದಾರ ಶಟ್ಟೆಪ್ಪ ಮೂರು ಬಾಟಲಿ ಕೆಂಪು ವೈನು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ನಾಳೆ ಊಟದ ಜೊತೆ ಇದನ್ನು ಕೊಡಬೇಕು, ಬಡಿಸುವುದು ಹೇಗೆಂದು ವಾಚಮನ್ ಜಟ್ಟೆಪ್ಪನನ್ನು ಕೇಳಿಕೋ ಎಂದ. ಬಾಟಲಿಗಳ ಮೇಲೆ ಚೀಟಿ ಇರಲಿಲ್ಲ. ಬಾಯಿಗೆ ಅರಗು ಬಡಿದಿತ್ತು. ಎಲ್ಲಿಯದು ಎಂದು ರಾಯವ್ವ ಕೇಳಿದಳು. ಗೋವೆಯದು, ಗುರುತಿನವರ ಗುರುತಿನವರು ಕೊಟ್ಟದ್ದು ಎಂದು ಹೇಳಿ ಅವನು ಹೊರಟುಹೋದ.

ಸತ್ಯಪ್ಪ ಕುಡಿದದ್ದನ್ನು ಕೊಟ್ಟವರೂ ಗುರುತಿನವರೇ ಆಗಿದ್ದರು.

ಜಟ್ಟೆಪ್ಪ ಮೊದಲು ಬೆಳಗಾವಿಯ ಮಿಲಿಟರಿ ಮೆಸ್ಸಿನಲ್ಲಿ ಮೇಜು ನೋಡಿಕೊಂಡಿದ್ದವನು. ಕೇಳಿದ್ದೇ ತಡ, ಹುರುಪಿನಿಂದ ಹೇಳತೊಡಗಿದ. ಬೆಂಡಿನ ಬೂಚಿನ ಬಾಟಲಿಯನ್ನು ಬಹಳ ದಿನ ಇಡುವುದಾದರೆ ಅಡ್ಡ ಮಲಗಿಸಬೇಕು, ಇಲ್ಲವಾದರೆ ಬೂಚು ಒಣಗಿ ಒಳಗೆ ಗಾಳಿ ಹೋಗುತ್ತದೆ. ಕೆಂಪಿಗೆ ಬರ್ಫ ಬೇಡ, ಒದ್ದೆ ಬಟ್ಟೆ ಸುತ್ತಿ ನೆರಳಿಗಿಟ್ಟರೆ ಸಾಕು. ಗ್ಲಾಸು ಅರ್ಧಕ್ಕಿಂತ ಮೇಲೆ ತುಂಬಬಾರದು, ವಾಸನೆ ನಿಲ್ಲಲು ಜಾಗ ಬೇಕಲ್ಲ. ಸಾರಿಗೆ ಖಾರ ಕಡಿಮೆ ಹಾಕು, ನಾಲಿಗೆ ಉರಿದರೆ ವೈನಿನ ರುಚಿ ಸತ್ತುಹೋಗುತ್ತದೆ. ಬೂಚು ಮೂಸಿದಾಗ ಹುಳಿ ಹೊಡೆದರೆ ಅದು ಕೆಟ್ಟಿದೆ ಎಂದರ್ಥ.

“ಇಷ ಇದ್ರ ವಾಸನಿ ಬರತೈತೇನ ಕಾಕಾ?” ಎಂದಳು ರಾಯವ್ವ.

ಸತ್ಯಪ್ಪನ ಸುದ್ದಿ ಜಟ್ಟೆಪ್ಪನಿಗೂ ಗೊತ್ತಿತ್ತು. “ಅದು ಮೂಗಿಗೆ ತಿಳಿಯಂಗಿಲ್ಲವಾ” ಎಂದ.

ಇಂಜಿನಿಯರ್ ಸಾಹೇಬರಿಗೆ ಹೇಳಿದರೆ ಶಟ್ಟೆಪ್ಪ ತನ್ನ ಕೆಲಸ ತೆಗೆಸಿಯಾನು. ಹೇಳದೆ ಕೊಟ್ಟು, ಉಂಡವರಿಗೆ ಏನಾದರೂ ಆದರೆ, ಬಡಿಸಿದ ಕೈ ತನ್ನದೇ. ಒಲೆಯ ಮುಂದೆ ಕುಳಿತು ಅವಳು ಇದನ್ನೇ ಯೋಚಿಸಿದಳು. ಸಂಜೆ ದೀಪ ಹಚ್ಚುವ ಮೊದಲು ಜಟ್ಟೆಪ್ಪನಿಂದ ಮೂರೂ ಬೂಚು ತೆಗೆಸಿದಳು. ನಾಳೆಗೆ ಕೆಡುತ್ತದೆಯೋ ಎಂದು ಕೇಳಿದ್ದಕ್ಕೆ ಅವನು, ಬೂಚು ಬಿಗಿಯಾಗಿ ಹಾಕಿ ತಂಪಿನಲ್ಲಿಟ್ಟರೆ ಒಂದು ದಿನಕ್ಕೆ ಏನೂ ಆಗದು ಎಂದ. ಯಾಕೆಂದು ಅವನು ಕೇಳುವುದರೊಳಗೆ ಅವಳು ಒಂದೊಂದು ಬಾಟಲಿಯಿಂದಲೂ ಅರ್ಧ ಬಟ್ಟಲು ಬಗ್ಗಿಸಿ, ಕಣ್ಣು ಮುಚ್ಚಿ ಕುಡಿದುಬಿಟ್ಟಳು. ಒಗರು, ಹುಳಿ, ಎದೆಯಲ್ಲಿ ಬಿಸಿ. ಜಟ್ಟೆಪ್ಪ ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕುಸಿದು ಕುಳಿತ.

ಅತ್ತೆಗೆ ಅವಳು ಹೇಳಲಿಲ್ಲ. ಮಗನನ್ನು ಕಳೆದುಕೊಂಡವಳು. ತಾನೂ ಹೋದರೆ ಆ ಮುದುಕಿಗೆ ಗಂಜಿ ಕಾಸಿ ಕೊಡುವವರು ಯಾರು ಎಂಬುದು ಕುಡಿದ ಮೇಲಷ್ಟೇ ಹೊಳೆಯಿತು. ಕಂದೀಲಿನ ಮುಂದೆ ಅಕ್ಕಿ ಹರವಿ ಹರಳು ಆರಿಸತೊಡಗಿದಳು. ಹರಳು ಕಾಣುತ್ತಿದ್ದವು. ಸತ್ಯಪ್ಪನಿಗೂ ಅಂದು ಎಲ್ಲ ಕಂಡಿತ್ತಲ್ಲ ಎಂದು ನೆನಪಾಗಿ ಮೊರ ಬದಿಗಿಟ್ಟಳು.

ಬೆಳಿಗ್ಗೆ ಎದ್ದು ಬಾಗಿಲು ತೆರೆದಳು. ಎದುರಿಗೆ ಬರೀ ಬಿಳುಪು. ಗುಡ್ಡವಿಲ್ಲ, ಹೊಳೆಯಿಲ್ಲ, ಹತ್ತು ಮಾರು ದೂರದ ಬೇವಿನ ಮರವೂ ಇಲ್ಲ. ಹೊಸ್ತಿಲ ಮೇಲೇ ಅವಳು ನಿಂತುಬಿಟ್ಟಳು. ಮಂಜು ಬಿದ್ದಿದೆಯೇ ಎಂದು ಒಳಗಿದ್ದ ಅತ್ತೆಯನ್ನು ಕೇಳಬೇಕು. ಆದರೆ ಸತ್ಯಪ್ಪ ಕೇಳಿದ್ದೂ ಅದೇ ಮಾತು, ಅದೇ ಮುದುಕಿಯನ್ನು. ನಾಲಿಗೆ ಏಳಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು.

ಕಾಡವ್ವ ಕೋಲೂರುತ್ತ ಹಿಂದೆ ಬಂದು ನಿಂತಳು. “ಏನ ಮಂಜವಾ ಇದು, ಹೊಳಿನ ಕಾಣವಲ್ದು” ಎಂದಳು.

ರಾಯವ್ವ ಅಲ್ಲೇ ಕುಳಿತು ಅತ್ತೆಯ ಮೊಣಕಾಲು ತಬ್ಬಿಕೊಂಡು ಅತ್ತಳು. ಏನಾಯಿತೆಂದು ಮುದುಕಿ ಕೇಳುತ್ತಿದ್ದಂತೆ ಕಣ್ಣೊರೆಸಿಕೊಂಡು ಒಲೆ ಹಚ್ಚಲು ಎದ್ದಳು.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಬಿದ್ದಿತು. ಗುಡ್ಡದ ಒಂದೊಂದು ಬಂಡೆಯೂ ಅವಳಿಗೆ ಕಂಡಿತು. ತಜ್ಞನೂ ಇಂಜಿನಿಯರ್ ಸಾಹೇಬರೂ ಶಟ್ಟೆಪ್ಪನೂ ಊಟಕ್ಕೆ ಕುಳಿತರು. ಮೊದಲ ಗ್ಲಾಸು ಬಗ್ಗಿಸುವಾಗ ಅವಳ ಕೈಯಿಂದ ಮೇಜುಬಟ್ಟೆಯ ಮೇಲೆ ಎರಡು ಹನಿ ಬಿದ್ದವು. ಶಟ್ಟೆಪ್ಪ ಬಾಟಲಿಯನ್ನು ಬೆಳಕಿಗೆ ಹಿಡಿದು, ಅರಗು ಒಡೆದಿದೆ, ವೈನು ಕಡಿಮೆಯಾಗಿದೆ, ಯಾರು ಕದ್ದು ಕುಡಿದರು ಎಂದು ಎಲ್ಲರೆದುರು ಕೇಳಿದ. ಜಟ್ಟೆಪ್ಪ ಬಾಗಿಲಲ್ಲಿ ತಲೆ ತಗ್ಗಿಸಿದ.

“ನಾನ ಕುಡದೇನ್ರಿ” ಎಂದಳು ರಾಯವ್ವ. “ನನ್ನ ಮನಿಯವ್ರು ಇಂಥಾದ್ದ ಕುಡದ ಕಣ್ಣ ಕಳಕೊಂಡ ಸತ್ರು. ಅದಕ ನಿನ್ನಿ ಸಂಜಿಕ ಮೂರರಾಗಿಂದೂ ಕುಡದ ನೋಡಿದ್ಯಾ. ಕಣ್ಣ ಇನ್ನಾ ಅದಾವ್ರಿ. ನೀವು ಕುಡೀರಿ.”

ಸಾಹೇಬರು ಅದನ್ನು ಇಂಗ್ಲಿಷಿನಲ್ಲಿ ಹೇಳಿದಾಗ ತಜ್ಞ ಗ್ಲಾಸು ಕೆಳಗಿಟ್ಟು ಅವಳನ್ನೇ ನೋಡಿದ. ಆಮೇಲೆ ಎದ್ದು ನಿಂತು ಒಂದು ಗುಟುಕು ಕುಡಿದು, ನಿಧಾನವಾಗಿ ಕುಳಿತ. ಶಟ್ಟೆಪ್ಪನ ಅನ್ನ ಅಂದು ತಟ್ಟೆಯಲ್ಲೇ ಉಳಿಯಿತು. ಚೀಟಿಯಿಲ್ಲದ ಬಾಟಲಿ ಇನ್ನು ಮೇಲೆ ಐಬಿಯ ಒಳಗೆ ಬರಕೂಡದು ಎಂದು ಸಾಹೇಬರು ಹೇಳಿದರು. ಅವಳ ಕೆಲಸ ಹೋಗಲಿಲ್ಲ.

ಆದರೂ ಅವಳ ಭಯ ಹೋಗಲಿಲ್ಲ. ಮುಂದೆ ದೊಡ್ಡ ಅಂಗಡಿಯ, ಚೀಟಿಯಿದ್ದ ಬಾಟಲಿ ಬಂದಾಗಲೂ ಹಿಂದಿನ ಸಂಜೆಯೇ ತೆರೆಸಿ ಒಂದು ಗುಟುಕು ಕುಡಿದೇ ಕೊಡುತ್ತಿದ್ದಳು. ಅಣೆಕಟ್ಟಿನ ಕೆಲಸಗಾರರ ಕಾಲನಿಯ ಹೆಂಗಸರು ಬೆನ್ನ ಹಿಂದೆ ಕುಡುಕಿ ಎಂದರು. ಎಷ್ಟೊಂದು ಥರದ್ದು ಕುಡಿದಿದ್ದೀ, ಯಾವುದು ರುಚಿ ಎಂದು ಜಟ್ಟೆಪ್ಪ ಒಮ್ಮೆ ಕೇಳಿದ. ಕುಡಿಯುವಾಗ ಹೆದರಿಕೆಯ ರುಚಿ ಬಿಟ್ಟು ಬೇರೇನೂ ತಿಳಿಯುವುದಿಲ್ಲ ಎಂದಳು.

ಎಪ್ಪತ್ತೇಳರಲ್ಲಿ ಕಾಡವ್ವ ತೀರಿಕೊಂಡ ಮೇಲೆ ಅವಳು ಕೆಲಸ ಬಿಟ್ಟು ಮುರಗೋಡಕ್ಕೆ ಹೋಗಿ ಮಠದ ಬೀದಿಯಲ್ಲಿ ರೊಟ್ಟಿ ಬಡಿದು ಮಾರತೊಡಗಿದಳು. ಅಲ್ಲಿ ಬೆಳಿಗ್ಗೆ ಎದ್ದು ಬಾಗಿಲು ತೆರೆಯಲು ತನಗೆ ಹೆದರಿಕೆಯಾಗುವುದಿಲ್ಲ ಎಂದು, ನೋಡಲು ಹೋದ ಜಟ್ಟೆಪ್ಪನಿಗೆ ಹೇಳಿದಳಂತೆ.