ನಂಬರ್ ಒಂದು, ಲಾರ್ಚ್ ಬ್ಯಾಂಕ್

ಲ್ಯಾಂಕಾಶೈರಿನ ನಮ್ಮೂರಿನಲ್ಲಿ ಬಡವರ ದುಡಿಮನೆಯನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಗಿರಣಿಗಳ ಹೊಗೆಯಾಚೆ, ಗುಡ್ಡದ ಮೇಲೆ, ಕಪ್ಪುಗಲ್ಲಿನ ಉದ್ದನೆಯ ಕಟ್ಟಡ ಅದು. ಕೈಲಾಗದವರು, ದಿಕ್ಕಿಲ್ಲದವರು, ಮದುವೆಯಿಲ್ಲದೆ ಬಸುರಾದವರು ಅಲ್ಲಿ ಸೇರಿ, ತುತ್ತು ಗಂಜಿಗಾಗಿ ಹಳೇ ಹಗ್ಗ ಬಿಚ್ಚಿ ನಾರು ಮಾಡಬೇಕಿತ್ತು. ‘ಅವಳು ಮೇಲಕ್ಕೆ ಹೋದಳು’ ಅಂದರೆ ಸತ್ತಳು ಎಂದಲ್ಲ, ಅದಕ್ಕಿಂತ ಕೆಟ್ಟದ್ದು. ಮುಂದೆ ಸರ್ಕಾರ ಒಳಗೋಡೆಗೆ ಸುಣ್ಣ ಬಳಿದು ಅದನ್ನು ಮುದುಕರ ಆಸ್ಪತ್ರೆ ಮಾಡಿತು. ಮಾತು ಮಾತ್ರ ಬದಲಾಗಲಿಲ್ಲ.

ನನ್ನ ಪಕ್ಕದ ಮನೆಯ ಎನಿಡ್ ಕ್ಯಾಟ್ಲೊ ಆ ಮಾತಿನಿಂದಲೇ ಮದುವೆ ಕಳೆದುಕೊಂಡವಳು. ಲೆನ್ ಪಿಲ್ಲಿಂಗ್ ಎಂಬ ನೇಕಾರ ಹುಡುಗನಿಗೆ ಅವಳು ಮನಸ್ಸು ಕೊಟ್ಟಿದ್ದಳು. ಅವನ ಅಜ್ಜಿ ಗುಡ್ಡದ ಮೇಲೆ ಸತ್ತವಳು. ಎನಿಡ್‌ಳ ಅಪ್ಪ ಹೆಡ್ಲಿ ಅದನ್ನು ಕೆದಕಿ ತೆಗೆದ. ಭಾನುವಾರ ಚಹಾಕ್ಕೆ ಬಂದ ಹುಡುಗನನ್ನು ಬಾಗಿಲಲ್ಲೇ ತಡೆದ.

“ಮೆಟ್ಟಿಲು ತುಳೀಬೇಡ ಕಣೋ, ಈಗ ತಾನೇ ಉಜ್ಜಿದಾಳೆ. ದುಡಿಮನೆ ಗಂಜಿ ನೆಕ್ಕಿದ ವಂಶ ನಿಮ್ದು. ಗೇಟು ಆ ಕಡೆ.”

ಲೆನ್ ಟೋಪಿ ತೆಗೆದು, ಎನಿಡ್ ಕಡೆ ಒಮ್ಮೆ ನೋಡಿ, ಹೊರಟುಹೋದ. ಆಮೇಲೆ ಕೆನಡಾ ಸೇರಿದನಂತೆ. ಎನಿಡ್ ಅಪ್ಪನಿಗೆ ಆಲೂಗಡ್ಡೆ ಪೈ ಬೇಯಿಸುತ್ತ, ಅದೇ ಮೆಟ್ಟಿಲನ್ನು ಕಲ್ಲಿನಿಂದ ಉಜ್ಜಿ ಬೆಳ್ಳಗೆ ಮಾಡುತ್ತ ಮುದುಕಿಯಾದಳು.

ಹೆಡ್ಲಿಗೆ ಅಷ್ಟು ಜಂಬ ಬಂದದ್ದು ತಾನು ಹುಟ್ಟಿದ ಮನೆಯಿಂದ. ಜನನಪತ್ರದಲ್ಲಿ ವಿಳಾಸವಿತ್ತು: ನಂಬರ್ ಒಂದು, ಲಾರ್ಚ್ ಬ್ಯಾಂಕ್, ಅಂದರೆ ಲಾರ್ಚ್ ಮರಗಳ ದಿಬ್ಬ. ಅವನ ತಾಯಿ ಕೆಜಾಯಾ ಗಿರಣಿಯಲ್ಲಿ ನೂಲು ಸುತ್ತುತ್ತಿದ್ದವಳು. ಮಗುವಿಗೆ ಜೋಗುಳದ ಬದಲು ಆ ಮನೆಯ ಕಥೆ ಹೇಳುತ್ತಿದ್ದಳಂತೆ. ಆಳೆತ್ತರದ ಕಿಟಕಿಗಳು. ಊಟಕ್ಕೆ ಗಂಟೆ. ಮಗು ಈಜಾಡುವಷ್ಟು ದೊಡ್ಡ ಹಂಡೆಯಲ್ಲಿ ಗಂಜಿ. ಗಂಡಸರಿಗೊಂದು ಕಡೆ, ಹೆಂಗಸರಿಗೊಂದು ಕಡೆ. ಎಲ್ಲರಿಗೂ ಒಂದೇ ದರ್ಜಿ ಹೊಲಿದ ಬಟ್ಟೆ. ಗೋಡೆಗುಂಟ ಲಾರ್ಚ್ ಮರಗಳ ಸಾಲು. ಅಂಥ ಮನೆ ಬಿಟ್ಟು ಯಾಕೆ ಬಂದೆವು ಎಂದು ಹುಡುಗ ಕೇಳಿದರೆ, “ನಿನ್ನನ್ನ ಎತ್ಕೊಂಡು ಆಚೆ ಬರ್ಬೇಕು ಅನ್ನಿಸ್ತು, ಬಂದೆ,” ಎನ್ನುತ್ತಿದ್ದಳಂತೆ.

ಹೆಡ್ಲಿ ನಮ್ಮ ಬೀದಿಯ ಸಾಲುಮನೆ ಕೊಂಡಾಗ ಬಾಗಿಲ ಮೇಲಿನ ಗಾಜಿಗೆ ಬಂಗಾರದ ಬಣ್ಣದಲ್ಲಿ ‘ಲಾರ್ಚ್ ಬ್ಯಾಂಕ್’ ಎಂದು ಬರೆಸಿದ. ಶುಕ್ರವಾರ ಬಂತೆಂದರೆ ಎನಿಡ್ ಏಣಿ ಹತ್ತಿ, ವಿನೆಗರ್ ಹಚ್ಚಿದ ಪೇಪರಿನಿಂದ ಅದನ್ನು ಒರೆಸಬೇಕು. ಕೆಳಗೆ ನಿಂತು ಅವನು ಕೂಗುತ್ತಿದ್ದ: “‘ಬ್ಯಾಂಕ್’ ಮೇಲೆ ಇನ್ನೂ ಕಲೆ ಇದೆ. ಕಣ್ಣು ಎಲ್ಲಿಟ್ಟಿದ್ದೀಯ, ಪಿಲ್ಲಿಂಗ್ ಹೆಂಡ್ತಿ?”

ತೊಂಬತ್ತೆರಡನೇ ಇಸವಿಯಲ್ಲಿ ಮುದುಕ ಅದೇ ಮೆಟ್ಟಿಲ ಮೇಲೆ ಜಾರಿ ಸೊಂಟ ಮುರಿದುಕೊಂಡ. ಪಟ್ಟಣದ ಆಸ್ಪತ್ರೆಯವರು ಮೂಳೆ ಕೂಡಿಸಿದರು. ಇನ್ನು ಮಗಳು ಮನೆಗೆ ಕರೆದೊಯ್ಯಬೇಕು, ಇಲ್ಲವಾದರೆ ಗುಡ್ಡದ ಮೇಲೆ ಹಾಸಿಗೆ ಖಾಲಿಯಿದೆ ಎಂದರು. ಹೆಡ್ಲಿ ಅವಳ ಮಣಿಕಟ್ಟು ಹಿಡಿದುಕೊಂಡ.

“ಎನಿಡ್, ಏನಾದ್ರೂ ಮಾಡು, ಮೇಲಕ್ಕೆ ಮಾತ್ರ ಕಳಿಸ್ಬೇಡ.”

“ಇಲ್ಲ ಅಪ್ಪಾ,” ಅಂದಳು. ಮನೆಗೆ ಬಂದು ನಾನೂ ಅವಳೂ ಸೇರಿ ಅವನ ಮಂಚವನ್ನು ಮುಂದಿನ ಕೋಣೆಗೆ ಇಳಿಸಿದೆವು. ಬರುವ ವಾರ ಅವನ ಹುಟ್ಟುಹಬ್ಬ. ಹುಟ್ಟಿದ ಮನೆಯ ಒಂದು ಫೋಟೊ ಹುಡುಕಿ, ಚೌಕಟ್ಟು ಹಾಕಿಸಿ ಮಂಚದೆದುರು ತೂಗುಹಾಕುವ ಆಸೆ ಅವಳಿಗೆ. ಆ ರಸ್ತೆ ಎಲ್ಲಿತ್ತೆಂದು ಅಂಚೆಯವನಿಗೂ ಗೊತ್ತಿರಲಿಲ್ಲ. ಬಸ್ಸು ಹತ್ತಿ ಜಿಲ್ಲಾ ದಾಖಲೆ ಕಚೇರಿಗೆ ಹೋದಳು.

ಅಲ್ಲಿನ ಹೆಂಗಸು ಜನನಪತ್ರ ನೋಡಿ ಕನ್ನಡಕ ತೆಗೆದಳು. “ಈ ಮನೆ ನಿಮಗೆ ಸಿಗಲ್ಲ ಕಣ್ರೀ. ಇಂಥದೊಂದು ಮನೆ ಇರ್ಲೇ ಇಲ್ಲ.”

“ಇಲ್ದಿರೋ ಮನೇಲಿ ನಮ್ಮಪ್ಪ ಹ್ಯಾಗೆ ಹುಟ್ಟಿದ್ರು?”

“ದುಡಿಮನೇಲಿ ಹುಟ್ಟಿದ ಮಕ್ಕಳಿಗೆ ಮುಂದೆ ಅವಮಾನ ಆಗ್ಬಾರ್ದು ಅಂತ ಪತ್ರದಲ್ಲಿ ಹೀಗೊಂದು ವಿಳಾಸ ಕಟ್ಟಿ ಬರೀತಿದ್ರು. ಒಂದೊಂದು ಊರಲ್ಲಿ ಒಂದೊಂದು ಹೆಸರು. ಬೀದೀಲಿ ಯಾರಿಗೂ ತಿಳೀತಿರ್ಲಿಲ್ಲ. ಒಳ್ಳೇ ಮನಸ್ಸಿಂದಾನೇ ಮಾಡಿದ್ದು, ಪಾಪ.”

ಮಧ್ಯಾಹ್ನವಿಡೀ ಎನಿಡ್ ಅಲ್ಲೇ ಕೂತಳು. ದುಡಿಮನೆಯ ದಾಖಲೆಯಲ್ಲಿ ಕೆಜಾಯಾ ಸಿಕ್ಕಳು: ಒಂಟಿ ಹೆಂಗಸು, ತುಂಬು ಬಸುರಿ. ನೂರು ವರ್ಷ ಮುಚ್ಚಿಟ್ಟು ಆ ವರ್ಷ ತಾನೇ ಜನರಿಗೆ ತೆರೆದಿದ್ದ ಹಳೇ ಜನಗಣತಿಯಲ್ಲಿ ಊರ ಬೀದಿಗಳನ್ನೆಲ್ಲ ಜಾಲಾಡಿದರೂ ಅವಳ ಬಾಲ್ಯ ಸಿಗಲಿಲ್ಲ. ಕೊನೆಗೆ ಅದೂ ಗುಡ್ಡದ ಮೇಲೆಯೇ ಸಿಕ್ಕಿತು. ಅಲ್ಲಿದ್ದವರ ಪೂರ್ತಿ ಹೆಸರು ಬರೆಯುವ ತೊಂದರೆಯನ್ನು ಗಣತಿಯವರು ತೆಗೆದುಕೊಂಡಿರಲಿಲ್ಲ; ಕೆಜಾಯಾ ಕ್ಯಾಟ್ಲೊ ಎಂಬುದಕ್ಕೆ ಇಂಗ್ಲಿಷಿನ ಮೊದಲಕ್ಷರಗಳು ಮಾತ್ರ. ‘ಕೆ. ಸಿ., ಹೆಣ್ಣು, ಆರು ವರ್ಷ.’ ಅಷ್ಟೆ.

ಸಂಜೆ ನನ್ನ ಅಡುಗೆಮನೆಯಲ್ಲಿ ಇದನ್ನೆಲ್ಲ ಹೇಳುವಾಗ ಅವಳ ಮುಂದಿನ ಚಹಾ ಕೆನೆಗಟ್ಟಿತು. “ಅಜ್ಜಿ ಒಂದೂ ಸುಳ್ಳು ಹೇಳಿರ್ಲಿಲ್ಲ ನೋಡು. ಕಿಟಕಿ, ಗಂಟೆ, ಹಂಡೆ, ಎಲ್ಲಾ ಇತ್ತು.” ಅಳುತ್ತಾಳೆಂದು ಕಾದೆ. ಅವಳು ನಕ್ಕಳು.

“ನಿಮ್ಮಪ್ಪಂಗೆ ಗೊತ್ತಿಲ್ಲ ಕಣೇ, ಬಿಟ್ಬಿಡು,” ಅಂದೆ.

“ಗೊತ್ತಿಲ್ಲ. ಅದಕ್ಕೇ ತೋರಿಸ್ಬೇಕು.”

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿದಳು. “ಮನೇಲಿ ನೋಡ್ಕೊಳ್ಳೋಕೆ ನನ್ನ ಕೈಲಾಗಲ್ಲ. ಮೇಲಕ್ಕೆ ಕಳಿಸಿ.”

ಭಾನುವಾರ ನಾನೂ ಜೊತೆಗೆ ಹೋದೆ. ಎರಡು ಸಾಲು ಹಾಸಿಗೆಗಳ ನಡುವೆ ಹೆಡ್ಲಿ ಮಗುವಿನ ಹಾಗೆ ಸಣ್ಣಗಾಗಿ ಮಲಗಿದ್ದ. “ಮಾತು ಕೊಟ್ಟಿದ್ದೆಯಲ್ಲೇ ಎನಿಡ್. ಮನೆಗೆ ಕರ್ಕೊಂಡು ಹೋಗು.”

“ಮನೇಲೇ ಇದ್ದೀರಲ್ಲಪ್ಪಾ. ಕಿಟಕಿ ನೋಡಿ. ಆಳೆತ್ತರ ಇಲ್ವಾ?”

ಅವನು ನೋಡಿದ. ಗಾಜಿನಾಚೆ ಲಾರ್ಚ್ ಮರಗಳು ಎಲೆಯುದುರಿಸಿಕೊಂಡು ನಿಂತಿದ್ದವು. ಅಷ್ಟರಲ್ಲಿ ಊಟದ ಗಾಡಿ ತಂದ ಆಯಾ ಹಿತ್ತಾಳೆಯ ಗಂಟೆ ಬಾರಿಸಿದಳು. ಆ ಸದ್ದಿಗೆ ಮುದುಕನ ತುಟಿ ತೆರೆಯಿತು, ಮುಚ್ಚಲಿಲ್ಲ.

“ಈ ಜಾಗದ ವಿಳಾಸ...”

“ನಂಬರ್ ಒಂದು, ಲಾರ್ಚ್ ಬ್ಯಾಂಕ್,” ಎಂದಳು ಎನಿಡ್, ಕೊನೆಯ ಹಾಸಿಗೆಗೂ ಕೇಳುವ ಹಾಗೆ.

ಪಕ್ಕದ ಹಾಸಿಗೆಯ ಹಲ್ಲಿಲ್ಲದ ಮುದುಕ ಚಮಚ ಎತ್ತಿ ಕೇಕೆ ಹಾಕಿದ. “ಅಯ್ಯೋ, ನನ್ನ ಪತ್ರದಲ್ಲೂ ಅದೇ ಇರೋದು! ಒಂದೇ ಮನೆ ಮಕ್ಕಳಾದ್ವಲ್ಲೋ ಅಣ್ಣಾ, ಬಾ, ಗಂಜಿ ಆರತ್ತೆ!”

ಹೆಡ್ಲಿ ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡ. ಬೇಡುವ ದನಿಯಲ್ಲಿ, “ಪಿಲ್ಲಿಂಗ್ ಹುಡುಗನಿಗೆ ಹೇಳ್ಬೇಡ,” ಅಂದ.

ಎನಿಡ್ ಬಗ್ಗಿ ಅವನ ದಿಂಬು ಸರಿಮಾಡಿದಳು. “ಅವನಿಗೆ ಗೊತ್ತಿತ್ತಪ್ಪಾ. ಅವತ್ತು ಮೆಟ್ಟಿಲ ಹತ್ರ ನಿಂತಾಗ್ಲೇ ಗೊತ್ತಿತ್ತು. ಇಡೀ ಬೀದಿಗೆ ಗೊತ್ತಿತ್ತು. ಗಾಜು ನೋಡಿ ಎಲ್ಲರೂ ನಗ್ತಿದ್ರು.”

ನಮ್ಮ ಬೀದಿಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ನಾನು ಬಾಯಿ ತೆರೆದೆ. ಎನಿಡ್ ನನ್ನನ್ನು ನೋಡಿದಳು. ಮುದುಕ ಅಷ್ಟರಲ್ಲಿ ಗೋಡೆಯ ಕಡೆ ತಿರುಗಿಯಾಗಿತ್ತು. ಮತ್ತೆ ಈ ಕಡೆ ತಿರುಗಲಿಲ್ಲ.

ಅವನನ್ನು ಹೂಳಿದ ವಾರದ ಶುಕ್ರವಾರ ಎನಿಡ್ ಬಾಗಿಲಿಗೆ ಏಣಿ ಒರಗಿಸಿದ್ದು ಕಂಡಿತು. ಹೆಸರು ಕೆರೆದು ತೆಗೆಯುತ್ತಾಳೆ ಅಂದುಕೊಂಡು, ಏಣಿ ಹಿಡಿಯಲು ಹೋದೆ. ವಿನೆಗರ್ ವಾಸನೆ ಬಂತು.

“‘ಬ್ಯಾಂಕ್’ ಮೇಲೆ ಕಲೆ ಇದೆಯಾ, ನೋಡೇ,” ಅಂದಳು ಮೇಲಿನಿಂದ.