ಮಾತಾಡಿಸಾಕ ಬಂದವರು

ನನ್ನ ಕರುಳಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೂರನೇ ದಿನಕ್ಕೇ ಕುಷ್ಟಗಿಯ ನಮ್ಮ ಮನೆಗೆ ಜನ ಶುರುವಾದರು. ನಮ್ಮ ಕಡೆ ಬೇನೆ ಬಿದ್ದವರನ್ನು ಮಾತಾಡಿಸದೆ ಬಿಟ್ಟರೆ ಸಾಯುವತನಕ ಎತ್ತಿ ಆಡುತ್ತಾರೆ. ಹಾಗಾಗಿ ತಳಕಲ್ಲಿನ ಬೀಗರು ಬಂದರು, ಯಲಬುರ್ಗಾದ ಷಡ್ಡಕ ಬಂದ, ಹುಲಿಗಿಯ ದೇವಿಗೆ ಹೊರಟವರು ದಾರಿಯಲ್ಲೇ ಇಳಿದು ನನ್ನನ್ನೂ ಮುಗಿಸಿಕೊಂಡು ಹೋದರು. ಎಲ್ಲರ ಕೈಯಲ್ಲೂ ಬಾಳೆಹಣ್ಣು, ಎಲ್ಲರ ಬಾಯಲ್ಲೂ ಒಂದೊಂದು ಔಷಧ.

ಕಿಮೋ ಹಾಕಿಸಿಕೊಂಡ ಮೇಲೆ ನನಗೆ ಚಹಾದ ವಾಸನೆಗೇ ವಾಂತಿ. ಮನೆಯಲ್ಲಿ ಅದು ಇಡೀ ದಿನ ಕುದಿಯುತ್ತಿತ್ತು. ಷಡ್ಡಕನಂತೂ ನನ್ನ ಹಾಸಿಗೆಯ ಮೇಲೇ ಕೂತು, "ನಮ್ಮ ಓಣ್ಯಾಗ ಒಬ್ಬಾಂವಗ ಹಿಂಗ ಆಗಿತ್ತು" ಎಂದ.

"ಈಗ ಹೆಂಗದಾನ?"

"ಹ್ವಾದ. ನೀ ಏನ್ ಚಿಂತಿ ಮಾಡಬ್ಯಾಡ."

ಎರಡು ಕಿಮೋಗೇ ಸಾಕಾಯಿತು. ಮೂರನೆಯದು ಬೇಡ ಎಂದು ಹೇಳಲು ತಮ್ಮನ ಜೊತೆ ಕೊಪ್ಪಳದ ಆಸ್ಪತ್ರೆಗೆ ಹೋದೆ. ಬಂದವರನ್ನು ನೋಡಿಕೊಳ್ಳಲು ಹೆಂಡತಿ ಯಥಾಪ್ರಕಾರ ಮನೆಯಲ್ಲೇ ಉಳಿದಳು. ಡಾಕ್ಟರಮ್ಮ ಮಗಳ ವಯಸ್ಸಿನಾಕೆ. ಬೈದರೆ ತಿರುಗಿ ಬೈಯಲು ತಯಾರಾಗಿದ್ದೆ. ಆಕೆ ಪೆನ್ನು ಕೆಳಗಿಟ್ಟು, "ನಿಮಗ ಎಲ್ಲಕ್ಕಿಂತ ಭಾಳ ತ್ರಾಸ ಕೊಡೋದು ಏನ್ರಿ?" ಎಂದಳು.

"ಬೀಗರ್ರಿ."

ಆಕೆ ನಗಲಿಲ್ಲ. ಯಾವಾಗ ಬರುತ್ತಾರೆ, ಎಷ್ಟು ಹೊತ್ತು ಕೂರುತ್ತಾರೆ, ನಾನು ಮಲಗುವುದು ಯಾವಾಗ, ಎಲ್ಲ ಕೇಳಿದಳು. ಇಷ್ಟು ದಿನದಲ್ಲಿ ನನ್ನನ್ನೇ ನನ್ನ ಬಗ್ಗೆ ಕೇಳಿದವಳು ಆಕೆಯೊಬ್ಬಳೇ. ವಾಂತಿಯ ಗುಳಿಗೆ ಬದಲಿಸಿ, ಇನ್ನೊಂದು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆದಳು: 'ಹದಿನೈದು ದಿನ ಯಾರೂ ಮಾತಾಡಿಸಲು ಬರಕೂಡದು. ಚಹಾ ಕಾಯಿಸಕೂಡದು.' ಕೆಳಗೆ ಸಹಿ, ಆಸ್ಪತ್ರೆಯ ಸಿಕ್ಕಾ.

"ಇಷ್ಟು ಮಾಡಿ ನೋಡ್ರಿ. ಆಮ್ಯಾಲೂ ಬ್ಯಾಡ ಅನ್ನಿಸಿದ್ರ ಕುಂತು ಮಾತಾಡೋಣು. ಮೈ ನಿಮ್ದೈತಿ."

ಚೀಟಿಯನ್ನು ಬಾಗಿಲಿಗೆ ಅಂಟಿಸಿದೆ. ದೇವರ ಮಾತು ಮೀರಿಯಾರು, ಸಿಕ್ಕಾ ಬಿದ್ದ ಕಾಗದ ಮೀರುವವರಲ್ಲ ನಮ್ಮ ಜನ. ಷಡ್ಡಕ ಹೊರಗೇ ನಿಂತು ಎರಡು ಸಲ ಓದಿ, ಬಾಳೆಹಣ್ಣು ಕಟ್ಟೆಯ ಮೇಲಿಟ್ಟು ಹೋದ.

ಆ ಮಧ್ಯಾಹ್ನ ಮನೆಯಲ್ಲಿ ನಾವಿಬ್ಬರೇ. ಹೆಂಡತಿ ಕೈ ಒರೆಸಿಕೊಂಡು ಬಂದು ನನ್ನ ಮಗ್ಗುಲಿಗೆ ಕೂತಳು. ಕೂತವಳೇ ಬಿಕ್ಕಿ ಬಿಕ್ಕಿ ಅಳತೊಡಗಿದಳು. ನನಗೆ ಗಾಬರಿಯಾಯಿತು.

"ಈಗ್ಯಾಕ ಅಳಾಕತ್ತಿ?"

"ಇಷ್ಟು ದಿನ ಪುರಸೊತ್ತ ಎಲ್ಲಿತ್ರಿ?" ಎಂದಳು.

ಮನಸೋ ಇಚ್ಛೆ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು, "ಮೂರನೇದಕ್ಕ ನಿಮ್ಮ ಜೋಡಿ ನಾನ ಬರ್ತೀನಿ" ಎಂದಳು.

ಹೋಗುವುದೇ ಇಲ್ಲ ಎಂದು ಹಟ ಹಿಡಿದಿದ್ದವನು, "ಬಾ" ಎಂದೆ.