ಕಾರಿನ ಕೆಳಗಿನ ತಟ್ಟೆ

ನಮ್ಮ ಮನೆಗೆ ಕಾರು ಬಂದಾಗ ಯುದ್ಧ ಮುಗಿದಿತ್ತು, ರೇಷನ್ ಮುಗಿದಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ವಕೀಲಿ ಮಾಡುತ್ತಿದ್ದ ಅಪ್ಪ, ಬೆಂಗಳೂರಿನ ಕಂಟೋನ್ಮೆಂಟಿನಿಂದ ಸ್ವದೇಶಕ್ಕೆ ಹೊರಟಿದ್ದ ಒಬ್ಬ ಅಮೆರಿಕನ್ ಅಧಿಕಾರಿಯಿಂದ ಅದನ್ನು ಕೊಂಡಿದ್ದರು. ನಮ್ಮ ಬೀದಿಯಲ್ಲಿ ತಿರುಗಿಸಲಾಗದಷ್ಟು ಉದ್ದ. ಬಣ್ಣ, ನಮ್ಮ ಕಾನ್ವೆಂಟಿನ ಸಿಸ್ಟರ್‌ಗಳ ಉಡುಪಿನಷ್ಟೇ ಗಂಭೀರವಾದ ಕಪ್ಪು. ಅದಕ್ಕೆ ಕ್ಲಚ್ ಇರಲಿಲ್ಲ. ಗೇರು ತಾನಾಗಿಯೇ ಬದಲಾಗುತ್ತಿತ್ತು. ಆಟೋಮ್ಯಾಟಿಕ್. ಆ ಪದವನ್ನು ಅಪ್ಪ, ಕೋರ್ಟಿನಲ್ಲಿ ಲ್ಯಾಟಿನ್ ಉದುರಿಸುವ ಗತ್ತಿನಲ್ಲೇ ಹೇಳುತ್ತಿದ್ದರು.

ಆಟೋಮ್ಯಾಟಿಕ್ ಆಗಿ ಅದು ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು. ಸೋರುತ್ತಿತ್ತು. ಗೇರುಪೆಟ್ಟಿಗೆಯ ಅಡಿಗೆ ಎಣ್ಣೆ ತುಂಬಿದ ಅಗಲವಾದ ತಗಡಿನ ಪ್ಯಾನು. ಎರಡರ ನಡುವೆ ಗ್ಯಾಸ್ಕೆಟ್ ಎಂಬ ತೆಳು ಪಟ್ಟಿ. ಅದನ್ನು ಅದುಮಿ ಹಿಡಿಯಲು ಅಂಚಿನ ಸುತ್ತ ಬೋಲ್ಟುಗಳು. ಆ ಪಟ್ಟಿಯ ಸಂದಿನಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅಂಥ ಎಣ್ಣೆ ನಮ್ಮೂರಲ್ಲಿ ಸಿಗುವಂಥದ್ದಲ್ಲವಾದ್ದರಿಂದ ಅಪ್ಪ, ಅಮ್ಮನ ನೀಲಿ ಅಂಚಿನ ಎನಾಮೆಲ್ ತಟ್ಟೆಯನ್ನು ತೆಗೆದುಕೊಂಡು ಹೋಗಿ ಕಾರಿನ ಕೆಳಗಿಟ್ಟರು. ಬೆಳಿಗ್ಗೆ ಎದ್ದು ಅಮ್ಮ ತಟ್ಟೆಯಲ್ಲಿ ಬಿದ್ದದ್ದನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಡಬ್ಬಿಗೆ ಸುರಿಯುತ್ತಿದ್ದಳು. ಒಂದು ಕಡೆ ಹಸು, ಒಂದು ಕಡೆ ಕಾರು. ಎರಡನ್ನೂ ಕರೆಯುವವಳು ಅವಳೇ.

ಅಮ್ಮನ ತವರು ದೇವನಹಳ್ಳಿ ಕಡೆಯ ಒಂದು ಹಳ್ಳಿ. ಎತ್ತಿನ ಗಾಡಿಯಲ್ಲಿ ಹೋದರೆ ಇಡೀ ಹಗಲು ಬೇಕು. ಕಾರಿನಲ್ಲಿ ಕರೆದೊಯ್ಯಬೇಕಾದ ಅಪ್ಪನಿಗೆ ಕೇಸಿಲ್ಲದ ದಿನ ತಲೆನೋವಿರುತ್ತಿತ್ತು, ತಲೆನೋವಿಲ್ಲದ ದಿನ ಕೇಸಿರುತ್ತಿತ್ತು. ಅಲ್ಲಿ ಅಜ್ಜಿಗೆ ಕಣ್ಣು ಮಂಜಾಗುತ್ತಾ ಬಂದಿತ್ತು. ಪೂರ್ತಿ ಕತ್ತಲಾಗುವುದರೊಳಗೆ ತಾಯಿಗೆ ತನ್ನ ಮುಖ ಒಂದು ಸಲ ತೋರಿಸಬೇಕೆಂಬುದು ಅಮ್ಮನ ಆಸೆ. ಅದನ್ನು ಅವಳು ಯಾರಿಗೂ ಬಾಯಿ ಬಿಟ್ಟು ಹೇಳಲಿಲ್ಲ. ಬೇಸಿಗೆ ರಜೆಗೆ ನಾನು ಹಾಸ್ಟೆಲಿನಿಂದ ಬಂದಿದ್ದಾಗ ಒಂದು ಸಂಜೆ ಬೇರೆ ಥರ ಕೇಳಿದಳು.

"ಕ್ಲಚ್ಚೇ ಇಲ್ಲ ಅಂದ್ಮೇಲೆ, ನಾನೂ ಓಡಿಸ್ಬಹುದಲ್ವಾ?"

ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ ಚಿಕ್ಕಪ್ಪ ನಕ್ಕರು. "ಅತ್ಗೆ, ಅದು ಮೂಗುದಾರ ಇಲ್ದಿರೋ ಎತ್ತು. ಅಣ್ಣನ ಮಾತೇ ಕೇಳಲ್ಲ."

"ನಿಮ್ಮಣ್ಣನ ಮಾತು ಈ ಮನೇಲಿ ಯಾರು ಕೇಳ್ತಾರೆ? ಆದ್ರೂ ಸಂಸಾರ ನಡೀತಿಲ್ವಾ?"

ಅಪ್ಪನೂ ನಕ್ಕರು. ಅಂದು ಅವರ ಮೂಡ್ ಚೆನ್ನಾಗಿತ್ತು. "ಆಯ್ತು ಕಣೇ. ಸೋರೋದು ನಿಲ್ಲಲಿ, ಮಾರನೇ ದಿನಾನೇ ಕಲಿಸ್ತೀನಿ. ನಿಮ್ಮಮ್ಮನ ಮನೆಗೆ ನೀನೇ ಓಡಿಸ್ಕೊಂಡು ಹೋಗು."

ಅಪ್ಪ ಅದನ್ನು ತಮಾಷೆಗೆಂದರು. ಅಮ್ಮ ಅದನ್ನು ತೀರ್ಪೆಂದು ತೆಗೆದುಕೊಂಡಳು.

ಹಿತ್ತಲಲ್ಲಿ ಸೊಂಟದಾಳದ ಗುಂಡಿ ತೋಡಿಸಿ, ಅದರ ಮೇಲೆ ಕಾರು ನಿಲ್ಲಿಸಿದ್ದರು. ನೆಂಟರು, ಕಕ್ಷಿದಾರರು, ಹೊಲದ ಕಡೆಯಿಂದ ಬಂದ ಪಾಲುಗಾರರು, ಎಲ್ಲರೂ ಒಬ್ಬೊಬ್ಬರಾಗಿ ಗುಂಡಿಗಿಳಿದು ನೋಡುವವರೇ. ಬರಿಗೈಲಿ ನೋಡಿ ಬಂದರೆ ಮನೆಯವರಿಗೆ ಅಗೌರವವಲ್ಲವೇ? ಸ್ಪ್ಯಾನರ್ ಹಿಡಿದು, ಕೈಗೆ ಸಿಕ್ಕಿದ ಬೋಲ್ಟನ್ನು ಒಂದು ಸುತ್ತು ಬಿಗಿ ಮಾಡಿ, ಅಂಗೈ ಒರೆಸಿಕೊಳ್ಳುತ್ತಾ ಮೇಲೆ ಬರುತ್ತಿದ್ದರು. "ಸ್ವಲ್ಪ ಲೂಸಿತ್ತು ಸ್ವಾಮಿ. ಇನ್ನು ಸೋರಲ್ಲ ಬಿಡಿ." ಆಮೇಲೆ ಅವರಿಗೆ ಕಾಫಿ. ಮಾರನೆಯ ಬೆಳಿಗ್ಗೆ ತಟ್ಟೆಯಲ್ಲಿ ಮೊದಲಿಗಿಂತ ಜಾಸ್ತಿ ಎಣ್ಣೆ.

ಕೊನೆಗೆ ಅಪ್ಪ ಕಾರನ್ನು ಕಂಟೋನ್ಮೆಂಟಿನ ಒಂದು ವರ್ಕ್‌ಶಾಪಿಗೆ ಒಯ್ದರು. ನನಗೆ ಶೂ ಕೊಳ್ಳಬೇಕಿತ್ತು, ನಾನೂ ಹೋದೆ. ಅಲ್ಲಿನ ಫೋರ್‌ಮನ್ ಸಿಗಾರ್ ಬಾಯಿಂದ ತೆಗೆಯದೆ ಮಾತಾಡುವ ಮನುಷ್ಯ. ಒಂದು ಸಲ ಬಗ್ಗಿ ನೋಡಿ ಎದ್ದು, ಇಂಗ್ಲಿಷಿನಲ್ಲಿ ಅಪ್ಪನನ್ನು ತರಾಟೆಗೆ ತೆಗೆದುಕೊಂಡ. ಬಿಗಿ ಮಾಡಿ ಮಾಡಿ ಪ್ಯಾನಿನ ಅಂಚನ್ನೇ ಬಗ್ಗಿಸಿಬಿಟ್ಟಿದ್ದೀರಿ, ಇದೇನು ಕುಸ್ತಿಯೇ? ಅಂಚು ತಟ್ಟಿ ಸಮ ಮಾಡಬೇಕು, ಹೊಸ ಗ್ಯಾಸ್ಕೆಟ್ ಹಾಕಬೇಕು, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು, ಸಾಕು ಅನ್ನಿಸುವ ಮುಂಚೆಯೇ ನಿಲ್ಲಿಸಬೇಕು. ಗ್ಯಾಸ್ಕೆಟ್ ಅವನಲ್ಲಿರಲಿಲ್ಲ. ಹಡಗಿನಲ್ಲಿ ಬರಬೇಕು ಎಂದ.

ಮನೆಯಲ್ಲಿ ಅಪ್ಪ ಹೇಳಿದ್ದು ಇಷ್ಟೇ: "ಅಮೆರಿಕಾದಿಂದ ಬರ್ಬೇಕಂತೆ." ಮಾರನೆಯ ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಗುಂಡಿಗಿಳಿದು ಒಂದು ಬೋಲ್ಟನ್ನು ಒಂದು ಸುತ್ತು ಬಿಗಿ ಮಾಡಿ ಬಂದರು. ಅದರ ಮಾರನೆಯ ದಿನವೂ. ಅದು ಅಭ್ಯಾಸಬಲವೋ ಇನ್ನೇನೋ, ಈ ವಯಸ್ಸಿನಲ್ಲೂ ನನಗೆ ತೀರ್ಮಾನಿಸಲಾಗಿಲ್ಲ. ವಕೀಲರಿಗೆ ಬೆನಿಫಿಟ್ ಆಫ್ ಡೌಟ್ ಕೊಡದೆ ಇನ್ಯಾರಿಗೆ ಕೊಡುವುದು.

ನಾನು ಅಮ್ಮನಿಗೆ ಫೋರ್‌ಮನ್ ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷು ಆವರೆಗೆ ಮನೆಯಲ್ಲಿ ಯಾರಿಗೂ ಉಪಯೋಗಕ್ಕೆ ಬಂದಿರಲಿಲ್ಲ.

"ಬಿಗಿ ಮಾಡಿದ್ರೇ ಸೋರತ್ತಂತಾ?"

"ಹ್ಞೂಂ."

"ನಿಮ್ಮಪ್ಪಂಗೂ ಕೇಳಿಸ್ತಾ?"

"ಪಕ್ಕದಲ್ಲೇ ನಿಂತಿದ್ರು."



ಅಪ್ಪ ಕೇಸಿಗೆಂದು ರೈಲಿನಲ್ಲಿ ಬೆಂಗಳೂರಿಗೆ ಹೋದ ದಿನ ಅಮ್ಮ ಸೆರಗು ಬಿಗಿದು ಗುಂಡಿಗಿಳಿದಳು. ಎಣ್ಣೆಯನ್ನು ಸೀಮೆಎಣ್ಣೆ ಡಬ್ಬಿಗಿಳಿಸಿ, ಬೋಲ್ಟುಗಳನ್ನು ಬಿಚ್ಚಿ, ಪ್ಯಾನನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿ, ಬಗ್ಗಿದ ಅಂಚನ್ನು ಮರದ ಕೊಡತಿಯಿಂದ ತಟ್ಟಿ ತಟ್ಟಿ ಸಮ ಮಾಡಿದಳು. ಪಕ್ಕದ ನೇಕಾರರ ಮನೆಯಲ್ಲಿ ಸೀರೆಯಂಚಿನ ಹೂವು ಮೂಡಿಸಲು ಮಗ್ಗಕ್ಕೆ ತೂತಿನ ರಟ್ಟುಗಳನ್ನು ಕಟ್ಟುತ್ತಿದ್ದರು. ಅಲ್ಲಿಂದ ಇನ್ನೂ ತೂತು ಹೊಡೆಯದ ರಟ್ಟುಗಳನ್ನು ಕೇಳಿ ತಂದಳು. ಅಳತೆ ಹೇಗೆ ತೆಗೆಯುತ್ತಾಳೋ ಎಂದು ನಾನು ಜಾಮೆಟ್ರಿ ಬಾಕ್ಸ್ ತಂದುಕೊಟ್ಟೆ. ಅವಳು ಅದರ ಮುಚ್ಚಳದಲ್ಲಿ ಕುಂಕುಮ ಕಲಸಿದಳು. ಪ್ಯಾನಿನ ಅಂಚಿಗೆಲ್ಲ ಬೆರಳಲ್ಲಿ ಕುಂಕುಮ ಹಚ್ಚಿ ರಟ್ಟಿನ ಮೇಲೆ ಒತ್ತಿದಳು. ಬೋಲ್ಟಿನ ತೂತುಗಳ ಸಮೇತ ಅಚ್ಚು ಬಿತ್ತು. ಕತ್ತರಿಸಿ, ಮೂಲೆಗಳಲ್ಲಿ ಒಂದಕ್ಕೊಂದು ಕಚ್ಚಿಸಿ, ಹರಳೆಣ್ಣೆಯಲ್ಲಿ ನೆನೆಸಿ ಇಟ್ಟಳು.

ಬೋಲ್ಟು ಹಾಕುವಾಗ ಸ್ಪ್ಯಾನರನ್ನು ಎರಡೇ ಬೆರಳಲ್ಲಿ ಹಿಡಿದಿದ್ದಳು. ಈ ಕಡೆ ಒಂದಿಷ್ಟು, ಆ ಕಡೆ ಒಂದಿಷ್ಟು.

"ಕರಿಗಡುಬಿನ ಅಂಚು ಒತ್ತೋದೂ ಹೀಗೇ ಕಣೇ. ಒಂದೇ ಕಡೆ ಅದುಮಿದ್ರೆ ಇನ್ನೊಂದು ಕಡೆ ಹೂರಣ ಈಚೆಗೆ ಬರತ್ತೆ. ಈ ಗಂಡಸ್ರು ಯಾರಾದ್ರೂ ಕಡುಬು ಮಾಡಿದಾರಾ ಹೇಳು."

ಕೊನೆಗೆ ಡಬ್ಬಿಗಿಳಿಸಿದ್ದ ಎಣ್ಣೆಯನ್ನು ಸೋಸಿ ಮತ್ತೆ ಗೇರುಪೆಟ್ಟಿಗೆಗೆ ಸುರಿದಳು.

ಅಪ್ಪ ಮರಳಿ ಬಂದ ಮೇಲೆ ಕಾರನ್ನು ಊರೆಲ್ಲ ಸುತ್ತಿಸಿ ತಂದು ನಿಲ್ಲಿಸಿದರು. ಬೆಳಿಗ್ಗೆ ತಟ್ಟೆ ಒಣಗಿತ್ತು. ಅಪ್ಪ ಬಹಳ ಹೊತ್ತು ಗುಂಡಿಯಲ್ಲೇ ನಿಂತಿದ್ದರು.

"ಲೇ, ಸ್ಪ್ಯಾನರ್ ಎಲ್ಲಿಟ್ಟಿದೀಯೇ?"

"ರಾಗಿ ವಾಡೆಯೊಳಗೆ."

ರಾಗಿ ವಾಡೆಯೆಂದರೆ ಆಳೆತ್ತರದ ಮಣ್ಣಿನ ಕಣಜ, ಆಗಷ್ಟೇ ಕಂಠದವರೆಗೆ ತುಂಬಿಸಿದ್ದರು.

"ಅದ್ಯಾಕೆ ಅಲ್ಲಿ?"

"ಎಲ್ಲೂ ಹೋಗಲ್ಲ ಬಿಡಿ. ರಾಗಿ ತಿಂದು ಮುಗಿಸೋ ಹೊತ್ತಿಗೆ ಸಿಗತ್ತೆ."

ತಮ್ಮನ ಎದುರಿಗೆ ಕೊಟ್ಟ ಮಾತು, ಅಪ್ಪ ಹಿಂತೆಗೆಯಲಿಲ್ಲ. ಸಂತೆ ಮೈದಾನದಲ್ಲಿ ಪಾಠ ಶುರುವಾಯಿತು. ಮೊದಲ ದಿನ ಅಮ್ಮ ಒಂದು ಹುಣಸೆ ಮರದ ಹತ್ತಿರ ಹೋಗಿ ಅದರ ಮರ್ಯಾದೆಗೆ ಭಂಗ ಬಾರದಂತೆ ನಿಲ್ಲಿಸಿದಳು. ರಜೆ ಮುಗಿಯುವ ಮೊದಲು ದೇವನಹಳ್ಳಿ ರಸ್ತೆಗಿಳಿದಳು. ಹೊಲದಲ್ಲಿದ್ದವರು ಗುದ್ದಲಿ ಊರಿ ನಿಂತು ನೋಡುತ್ತಿದ್ದರೆ ಅಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಯಾರೂ ಕೇಳದಿದ್ದರೂ, "ನಾನೇ ಕಲಿಸಿದ್ದು" ಎನ್ನುತ್ತಿದ್ದರು.

ಸದ್ದು ಕೇಳಿ ಅಜ್ಜಿ ಬಾಗಿಲಿಗೆ ಬಂದರು. ಅಮ್ಮ ಇಳಿದವಳೇ ಅವರ ಮುಖದ ಹತ್ತಿರಕ್ಕೆ ತನ್ನ ಮುಖ ಒಯ್ದು ನಿಂತಳು. ಅಜ್ಜಿ ಅವಳ ಕೆನ್ನೆ ಹಿಡಿದು ಬೆಳಕಿನ ಕಡೆ ತಿರುಗಿಸಿ ನೋಡಿದರು. "ಕಪ್ಪಾಗಿದೀಯಲ್ಲೇ," ಎಂದರು. ಹೊರಡುವ ಮುಂಚೆ ಗುಂಡಿಗಿಳಿದಿದ್ದ ಅಮ್ಮನ ಮೂಗಿನ ಮೇಲೆ ಗ್ರೀಸ್ ಇತ್ತು. ಅಜ್ಜಿಗೆ ಕಣ್ಣು ಇನ್ನೂ ಅಷ್ಟು ಕಾಣಿಸುತ್ತಿತ್ತು.

"ಒಂದು ತಟ್ಟೆ ಕೊಡಮ್ಮ," ಎಂದಳು ಅಮ್ಮ.

"ಬಂದ ತಕ್ಷಣ ಹಸಿವಾ?"

"ನಂಗಲ್ಲ. ಕಾರಿಗೆ."

ನಾವು ಉಂಡು, ಮಲಗಿ, ಎದ್ದು ಹೊರಡುವ ಹೊತ್ತಿಗೆ ಕಾರಿನ ಕೆಳಗೆ ಒಂದು ಕೋಳಿ ಆ ತಟ್ಟೆಯನ್ನು ಕುಕ್ಕಿ ನೋಡಿ, ಏನೂ ಸಿಗದೆ ಆಚೆ ನಡೆಯಿತು. ಅಪ್ಪ ಪಂಚೆ ಎತ್ತಿಕಟ್ಟಿ ಬಗ್ಗಿ, ಅಂಗೈಯಿಂದ ತಟ್ಟೆಯನ್ನು ಸವರಿ ನೋಡಿದರು.

"ಒಂದು ತೊಟ್ಟೂ ಇಲ್ಲ," ಎಂದರು, ಸೋತ ಕೇಸಿನ ಸುದ್ದಿ ತರುವ ದನಿಯಲ್ಲಿ. ಆಮೇಲೆ ಸುತ್ತಿಕೊಂಡು ಹೋಗಿ ಎಡಗಡೆಯ ಬಾಗಿಲು ತೆಗೆದರು. ಅಮೆರಿಕನ್ ಕಾರು, ಓಡಿಸುವವರು ಕೂರುವುದು ಎಡಕ್ಕೆ. ಅದನ್ನು ಅಮ್ಮನಿಗಾಗಿ ತೆರೆದು ಹಿಡಿದುಕೊಂಡು ನಿಂತರು.